ಚಂದ್ರಿಕಾ ಬಿಚ್ಚಿರಲಿಲ್ಲ

ಸಿಂಚನಾ, ಮನ್ವಿತ್,

ಹೋದ ಆಯುಧಪೂಜೆಯ ದಿನ ನಿಮ್ಮಿಬ್ಬರನ್ನೂ ಹೆದರಿಸಿಬಿಟ್ಟೆ. ಸೈಕಲ್ ತೊಳೆಯುತ್ತಿದ್ದ ಮನ್ವಿತ್ ಚಕ್ರಕ್ಕೆ ಗಾಳಿ ಹಾಕುವ ಮೂತಿಯ ಪುಟ್ಟ ಟೋಪಿಯನ್ನು ತಿರುಗಿಸಿ ಬಿಚ್ಚಿ, ಅಂಗೈ ಮೇಲಿಟ್ಟುಕೊಂಡು ಬಂದು, "ಅಜ್ಜಿ, ಇದನ್ನೂ ಹುಣಸೆಹಣ್ಣು ಹಾಕಿ ಉಜ್ಜಲಾ?" ಎಂದು ಕೇಳಿದ. ನಾನು, "ಮೊದ್ಲು ಅದ್ನ ಇದ್ದ ಜಾಗಕ್ಕೆ ಹಾಕು ಕಣ್ಲಾ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಸಿಂಚನಾ ಓಡಿಬಂದು ನೀರು ಕೊಟ್ಟಳು. ನಿಮ್ಮಮ್ಮ ಬಿಪಿ ಮಾತ್ರೆ ತಗೊಂಡೆಯಾ ಎಂದು ಕೇಳಿದಳು. ಮಾತ್ರೆ ತೆಗೆದುಕೊಂಡಿದ್ದೆ. ಆ ಕೂಗಿಗೆ ಕಾರಣ ಹದಿನೆಂಟು ವರ್ಷ ಹಳೆಯದು. ಅದನ್ನು ನಿಮ್ಮ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಂದಕವಾಡಿಯ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಓದಿದವಳು. ಮದುವೆಯಾಗಿ ತೆರಕಣಾಂಬಿಗೆ ಬಂದೆ. ನೀವು ನೋಡದ ನಿಮ್ಮ ತಾತ ಚಾಮರಾಜನಗರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಅಟೆಂಡರ್ ಆಗಿದ್ದರು. ಕಾಮಾಲೆಯಾಗಿ ಹದಿನೈದೇ ದಿನದಲ್ಲಿ ತೀರಿಹೋದರು. ಅನುಕಂಪದ ಮೇಲೆ ಅವರ ಕೆಲಸವನ್ನು ನನಗೆ ಕೊಟ್ಟರು. ನಿಮ್ಮಮ್ಮ ಆಗ ಮೊದಲನೇ ಪಿಯುಸಿ. ಒಂದು ವರ್ಷ ನನ್ನ ಕೆಲಸ ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಎಂದಿದ್ದರು. ನಾನು ಬರೆಯುತ್ತಿರುವುದು ಆ ಒಂದು ವರ್ಷದ್ದು.

ಮನೆಯಿಂದಾಚೆ ದುಡಿದು ಗೊತ್ತಿಲ್ಲದವಳು ನಾನು. ಗಂಡಸರು ನಿಂತ ಕಡೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಬೆಳಗಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಕಾಲೇಜಿಗೆ ಹೋಗಿ ಬೀಗ ತೆಗೆದು, ಬೆಂಚು ಒರೆಸಿ, ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಮೊದಲ ತಿಂಗಳು ನನ್ನ ದನಿ ಯಾರೂ ಕೇಳಿರಲಿಲ್ಲ. ಲ್ಯಾಬಿನ ಲೆಕ್ಚರರ್ ಶ್ರೀಕಂಠ ಸಾರ್ ಒಮ್ಮೆ, "ಪಾರ್ವತಮ್ಮ, ನೀವು ರೂಮಲ್ಲಿದೀರಾ ಇಲ್ವಾ ಅಂತ ನೋಡಿಯೇ ತಿಳ್ಕೋಬೇಕು" ಎಂದು ನಕ್ಕಿದ್ದರು.

ಮೊದಲು ನನ್ನನ್ನು ಮಾತನಾಡಿಸಿದವಳು ಚಂದ್ರಿಕಾ. ಹಂಗಳದ ಹುಡುಗಿ, ಕೊನೆಯ ವರ್ಷದಲ್ಲಿದ್ದಳು. ಅವಳ ಅಪ್ಪ ಅರಣ್ಯ ಇಲಾಖೆಯಲ್ಲಿ ಕಾಡು ಕಾಯುವ ವಾಚರ್. ಹಂಗಳದಿಂದ ಗುಂಡ್ಲುಪೇಟೆಗೆ ಬಂದು ಬಸ್ಸು ಬದಲಿಸಿ ಚಾಮರಾಜನಗರಕ್ಕೆ ಹೋಗುತ್ತಿದ್ದಳು. ಅದೇ ಬಸ್ಸು ತೆರಕಣಾಂಬಿಗೆ ಬಂದಾಗ ನಾನು ಹತ್ತುತ್ತಿದ್ದೆ. ಒಂದು ದಿನ ಕಿಟಕಿಯಿಂದ ಕೈ ಬೀಸಿ, "ಆಂಟಿ, ಬನ್ನಿ ಇಲ್ಲಿ, ಸೀಟ್ ಇಡ್ದಿವ್ನಿ" ಎಂದು ಕೂಗಿದಳು. ಪಕ್ಕದ ಸೀಟಿನ ಮೇಲೆ ಊಟದ ಡಬ್ಬಿ ಇಟ್ಟು ಕಾಯ್ದಿದ್ದಳು. ಅಂದಿನಿಂದ ದಿನವೂ ಹಾಗೇ. ಒಮ್ಮೆ ಒಬ್ಬ ಯಜಮಾನರು ಡಬ್ಬಿ ಎತ್ತಿ ಕೂರಲು ಹೋದರೆ, "ಅದು ನಮ್ ಕಾಲೇಜ್ ಸ್ಟಾಫ್ ಸೀಟು ಕಣಣ್ಣ" ಎಂದುಬಿಟ್ಟಳು. ನಾನು ಸ್ಟಾಫ್! ಮುಖ ಎಲ್ಲಿಡಬೇಕೋ ತಿಳಿಯದೆ ಹೊಲದ ಚೆಂಡುಹೂ ನೋಡುತ್ತಾ ಕುಳಿತೆ.

ಆ ವರ್ಷ ಲ್ಯಾಬಿಗೆ ಒಂದು ಹೊಸ ಯಂತ್ರ ಬಂದಿತ್ತು. ಸ್ಪೆಕ್ಟ್ರಮ್ ಅನಲೈಸರ್ ಎಂದು ಅದರ ಹೆಸರು. ಇಡೀ ಕಾಲೇಜಿಗೆ ಅದೊಂದೇ. ನನ್ನ ಕೆಲಸ ಅದರ ಧೂಳು ಒರೆಸಿ ಹೊದಿಕೆ ಹಾಕುವುದು. ಅದು ಏನು ಮಾಡುತ್ತದೆಂದು ನಾನು ಕೇಳಿರಲಿಲ್ಲ. ಒಂದು ಸಂಜೆ ಬೀಗ ಹಾಕುವ ಮೊದಲು ಚಂದ್ರಿಕಾ ತಾನಾಗಿಯೇ ಕರೆದಳು.

"ನೋಡಿ ಆಂಟಿ, ರೇಡಿಯೋದಲ್ಲಿ ಒಂದ್ಸಲಕ್ಕೆ ಒಂದೇ ಸ್ಟೇಷನ್ನು. ಇದ್ರಲ್ಲಿ ಎಲ್ಲಾ ಸ್ಟೇಷನ್ನೂ ಸಾಲಾಗಿ ನಿಂತ್ಕತವೆ. ಎಡಗಡೆ ಕಮ್ಮಿ ಫ್ರೀಕ್ವೆನ್ಸಿ, ಬಲಗಡೆ ಜಾಸ್ತಿ. ಯಾವ್ದು ಎತ್ತರ ಅದೋ ಅದ್ಕೆ ಶಕ್ತಿ ಜಾಸ್ತಿ."

ತೆರೆಯ ತಳದಲ್ಲಿ ಗರಿಕೆ ಬೆಳೆದ ಹಾಗೆ ಏನೋ ಅಲ್ಲಾಡುತ್ತಿತ್ತು. "ಕೆಳ್ಗಡೆ ಇರೋದು ಯಾವ ಸ್ಟೇಷನ್ನು?" ಎಂದು ಕೇಳಿದೆ.

"ಅದು ಸ್ಟೇಷನ್ನಲ್ಲ, ಬರೀ ಗದ್ದಲ. ಏನೂ ಕೊಡ್ದೆ ಇದ್ರೂ ಅದು ಇದ್ದೇ ಇರ್ತದೆ. ಸಣ್ಣ ಸಿಗ್ನಲ್ಲು ಅದ್ರೊಳಗೆ ಮುಚ್ಚೋಗ್ಬುಟ್ಟಿರ್ತದೆ. ಈಗ ನೋಡಿ."

ಅವಳು ಒಂದು ಗುಂಡಿ ಒತ್ತಿದಳು. ಗರಿಕೆ ತಗ್ಗಿತು. ಒಂದೇ ಸ್ಟೇಷನ್ನಿನ ಕಡ್ಡಿ ಎಂದುಕೊಂಡಿದ್ದು ಎರಡಾಗಿ ಬೇರೆ ಬೇರೆ ಕಂಡಿತು. ಆದರೆ ಗೆರೆ ತೆರೆಯ ಈ ಅಂಚಿನಿಂದ ಆ ಅಂಚಿಗೆ ಹೋಗಲು ಬಹಳ ಹೊತ್ತು ಹಿಡಿಯಿತು.

"ಸಣ್ಣ ಕಣ್ಣಿನ ಒಂದರಿ ಇಡ್ದಂಗಾ?" ಎಂದೆ. "ರಾಗಿಟ್ಟು ನುಣ್ಣಗೆ ಬೀಳ್ತದೆ, ಆದ್ರೆ ಜರಡಿ ಆಡಿಸ್ತಾ ಕೂರ್ಬೇಕು."

ಅವಳು ಚಪ್ಪಾಳೆ ತಟ್ಟಿಬಿಟ್ಟಳು. ಮಾರನೆಯ ದಿನ ಇಡೀ ಕ್ಲಾಸಿಗೆ, "ಸಾರ್ ಒಂದ್ ಗಂಟೆ ಏಳಿದ್ದ ಪಾರ್ವತಾಂಟಿ ಒಂದ್ ಮಾತಲ್ಲಿ ಏಳ್ಬುಟ್ರು" ಎಂದು ಸಾರಿದಳು. ಶ್ರೀಕಂಠ ಸಾರ್ ಕೂಡ ಆಮೇಲೆ ಪಾಠದಲ್ಲಿ ಒಂದರಿಯ ಮಾತು ಸೇರಿಸಿಕೊಂಡರು. ನಿಮ್ಮ ತಾತ ಹೋದ ಮೇಲೆ ನನಗೆ ಮೊದಲ ಸಲ ಹೊಟ್ಟೆ ತುಂಬ ಊಟ ಸೇರಿದ್ದು ಆ ದಿನ.

ಯಂತ್ರಕ್ಕೆ ಕೇಬಲ್ ಸಿಕ್ಕಿಸುವ ಮೂತಿಗೆ ಹೆಬ್ಬೆರಳ ಗಾತ್ರದ ಒಂದು ಲೋಹದ ತುಂಡನ್ನು ಸಾರ್ ತಿರುಪಿ ಕೂರಿಸಿದ್ದರು. ಅಟೆನ್ಯುಯೇಟರ್ ಎಂದು ಅದರ ಹೆಸರು. ಎಲ್ಲರೂ ಪ್ಯಾಡ್ ಎನ್ನುತ್ತಿದ್ದರು. ಒಳಗೆ ಹೋಗುವ ಸಿಗ್ನಲ್ಲಿನ ಶಕ್ತಿಯನ್ನು ತಗ್ಗಿಸುವುದು ಅದರ ಕೆಲಸ. "ಇದು ಪಿಸುಮಾತು ಕೇಳೋ ಕಿವಿ," ಎಂದು ಸಾರ್ ಪ್ರತಿ ತಂಡಕ್ಕೂ ಹೇಳುತ್ತಿದ್ದರು. "ಕಿವಿ ಹತ್ರ ಪಟಾಕಿ ಹಚ್ಚಬೇಡಿ. ಎಷ್ಟು ಪವರ್ ಕೊಡ್ತಿದೀವಿ ಅಂತ ಮೊದ್ಲು ಲೆಕ್ಕ ಹಾಕಿ, ಆಮೇಲೆ ಕೇಬಲ್ ಮುಟ್ಟಿ." ಮೂಲೆಯ ಸ್ಟೂಲಿನಲ್ಲಿ ಕುಳಿತು ಎಷ್ಟೋ ಸಲ ಈ ಮಾತು ಕೇಳಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಆಯುಧಪೂಜೆ ಬಂತು. ಹಿಂದಿನ ವರ್ಷದವರೆಗೆ ಲ್ಯಾಬಿನ ಪೂಜೆ ನಿಮ್ಮ ತಾತನದು. ಈ ಸಲ ಆಫೀಸಿನ ಮಾದಪ್ಪ ಮಾಡುವುದೆಂದಾಯಿತು. ಯಾರೂ ಕೆಟ್ಟ ಮಾತು ಆಡಲಿಲ್ಲ. "ನೀವು ಒರೆಸಿಕೊಡಿ ಪಾರ್ವತಕ್ಕ, ಮಿಕ್ಕಿದ್ದು ನಾವ್ ನೋಡ್ಕತೀವಿ" ಎಂದರು ಅಷ್ಟೆ. ಗಂಡ ಸತ್ತವಳು ಅರಿಶಿನ ಕುಂಕುಮ ಮುಟ್ಟಬಾರದೆಂದು ನನಗೂ ಗೊತ್ತಿತ್ತು. ಆದರೆ ಒರೆಸುವುದು ನನ್ನ ಪಾಲಿಗೆ ಬಂದಿತ್ತಲ್ಲ, ಅದನ್ನು ಯಾರೂ ಬೆರಳು ತೋರಿಸದ ಹಾಗೆ ಮಾಡಬೇಕೆಂದು ಹಠ ಹುಟ್ಟಿತು. ನಮ್ಮ ಮನೆಯಲ್ಲಿ ಆಯುಧಪೂಜೆಗೆ ನೇಗಿಲಿನ ಗುಳ, ಮಚ್ಚು, ಪಂಪಿನ ನಲ್ಲಿ ಎಲ್ಲವನ್ನೂ ಬಿಚ್ಚಿ ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದೆವು. ಇಲ್ಲಿಯೂ ಬಿಚ್ಚಲು ಬಂದದ್ದನ್ನೆಲ್ಲ ಬಿಚ್ಚಿದೆ. ಮಾದಪ್ಪ ಬಾಗಿಲಲ್ಲಿ ನಿಂತು, "ಏನಕ್ಕ, ಮಿಷಿನ್ಗೂ ಎಣ್ಣೆನೀರು ಎರೀತೀರಾ? ಸೀಗೆಪುಡಿ ತರ್ಲಾ?" ಎಂದು ಗೇಲಿ ಮಾಡಿದ. ನಾನು ನಕ್ಕೆ. ಆಗ ನನ್ನ ಕೈಯಲ್ಲಿದ್ದದ್ದು ಪ್ಯಾಡು. ಸ್ವಲ್ಪ ಬಿಗಿಯಿತ್ತು, ಸೆರಗಿನಲ್ಲಿ ಹಿಡಿದು ತಿರುಗಿಸಿ ತೆಗೆದಿದ್ದೆ.

ಉಜ್ಜಿ, ಒರೆಸಿ, ಆರಲೆಂದು ಕಿಟಕಿಯ ಬಳಿ ಬಟ್ಟೆಯ ಮೇಲಿಟ್ಟೆ. ಹೊಳೆಯುತ್ತಿತ್ತು. ಮಾದಪ್ಪ ಅದನ್ನೂ ಪೂಜೆಗೆ ಇಟ್ಟಿದ್ದಾರೆಂದುಕೊಂಡು ಎತ್ತಿ ತಟ್ಟೆಯಲ್ಲಿಟ್ಟು ವಿಭೂತಿ ಎಳೆದ. ನಾನು ಬಾಗಿಲಾಚೆಯಿಂದ ನೋಡಿದೆ. ಎರಡು ಹೆಜ್ಜೆ ಒಳಗೆ ಹೋಗಿ ಎತ್ತಿಕೊಳ್ಳಬಹುದಿತ್ತು. ತಟ್ಟೆಗೆ ಕೈ ಹಾಕುವುದು ಹೇಗೆ, ಎಲ್ಲರೂ ನೋಡುತ್ತಾರಲ್ಲ, ಪೂಜೆ ಮುಗಿದ ಮೇಲೆ ಕೇಳೋಣ ಎಂದುಕೊಂಡೆ. ಪೂಜೆ ಮುಗಿಯಿತು. ಕುಂಬಳಕಾಯಿ ಒಡೆದರು, ಪುರಿ ಹಂಚಿದರು. ಮಾದಪ್ಪ ತಟ್ಟೆಯಲ್ಲಿದ್ದದ್ದನ್ನೆಲ್ಲ ಅಡಿಕೆ ಸಮೇತ ಬಟ್ಟೆಯಲ್ಲಿ ಗಂಟು ಕಟ್ಟಿ ಪೂಜೆ ಸಾಮಾನಿನ ಕಪಾಟಿನಲ್ಲಿಟ್ಟು ಬಸ್ಸು ಹಿಡಿಯಲು ಓಡಿದ. ಮಾರನೆಯ ದಿನದಿಂದ ದಸರಾ ರಜೆ.

ರಜೆ ಮುಗಿದು ಬಂದ ದಿನ ಪ್ಯಾಡ್ ನೆನಪಾಯಿತು. ಮಾದಪ್ಪನ ಅತ್ತೆಗೆ ಹುಷಾರಿಲ್ಲ ಎಂದು ಅವನು ಬಂದಿರಲಿಲ್ಲ. ಕಪಾಟಿನ ಇನ್ನೊಂದು ಕೀ ಆಫೀಸಿನಲ್ಲಿತ್ತು. ಆಫೀಸಿನಲ್ಲಿ ಐದು ಜನ ಗಂಡಸರಿದ್ದರು. ನಾಳೆ ಕೇಳೋಣ ಎಂದುಕೊಂಡೆ. ಹಾಗೆ ನಾಲ್ಕು ದಿನ ಕಳೆದೆ.

ಐದನೆಯ ದಿನ ಬಸ್ಸಿನಲ್ಲಿ ಚಂದ್ರಿಕಾ ಕುಣಿಯುತ್ತಿದ್ದಳು. ಅವಳ ಪ್ರಾಜೆಕ್ಟಿಗೆ ಅಪ್ಪ ಕಾಡಿನವರ ವಾಕಿಟಾಕಿಯೊಂದನ್ನು ಸಾಹೇಬರ ಅಪ್ಪಣೆ ಪಡೆದು ಒಂದೇ ದಿನದ ಮಟ್ಟಿಗೆ ತಂದುಕೊಟ್ಟಿದ್ದ. ಹಳೆಯ ಸೆಟ್ಟುಗಳು ತಮ್ಮ ಫ್ರೀಕ್ವೆನ್ಸಿ ಬಿಟ್ಟು ಅದರ ಎರಡರಷ್ಟು, ಮೂರರಷ್ಟರ ಜಾಗದಲ್ಲೂ ಸಿಗ್ನಲ್ ಚೆಲ್ಲುತ್ತವೆಯೇ ಎಂದು ಅಳೆಯುವುದು ಅವಳ ಕೆಲಸ. "ದಾಯಾದಿಗಳು ಇದ್ದಂಗೆ ಆಂಟಿ," ಎಂದಳು. "ಕರೀದೆ ಇದ್ರೂ ಬಂದು ಪಕ್ಕದಲ್ಲಿ ನಿಂತ್ಕತಾವೆ. ಇವತ್ತು ಎಲ್ರೂ ಸಿಕ್ಕಾಕತಾರೆ ನೋಡಿ." ಆ ಪ್ರಾಜೆಕ್ಟ್ ಚೆನ್ನಾಗಿ ಬಂದರೆ ಮೈಸೂರಿನ ಒಂದು ಕಾರ್ಖಾನೆಯ ತರಬೇತಿಗೆ ಸಾರ್ ಅವಳ ಹೆಸರು ಬರೆಯುವವರಿದ್ದರು.

ಹನ್ನೊಂದು ಗಂಟೆಗೆ ಲ್ಯಾಬಿನಲ್ಲಿ ಸಾರ್, ನಾಲ್ಕು ಜನ ಹುಡುಗರು, ಚಂದ್ರಿಕಾ, ನಾನು. ಸಾರ್ ಪೇಪರು ತಿದ್ದುತ್ತಿದ್ದರು. ಚಂದ್ರಿಕಾ ಬೋರ್ಡಿನ ಮೇಲೆ ಲೆಕ್ಕ ಹಾಕಿದಳು, ಪ್ಯಾಡ್ ಇಷ್ಟು ತಗ್ಗಿಸುತ್ತದೆ, ಒಳಗೆ ಹೋಗುವುದು ಇಷ್ಟು ಎಂದು. ಲೆಕ್ಕ ಸರಿಯಿತ್ತು. ಪ್ಯಾಡ್ ಇತ್ತೇ ಇಲ್ಲವೇ ಎಂದು ಯಾರೂ ಬಗ್ಗಿ ನೋಡಲಿಲ್ಲ. ಅದು ಸದಾ ಅಲ್ಲೇ ಇರುತ್ತಿತ್ತು. ಕೇಬಲ್ ಎತ್ತಿಕೊಂಡು, ಮಾತನಾಡುತ್ತಲೇ, ಕೈಯಂದಾಜಿನಲ್ಲಿ ತಿರುಪಿದಳು.

ನಾನು ನೋಡಿದೆ. ನನಗೆ ಗೊತ್ತಿತ್ತು. "ತಾಳಮ್ಮಿ" ಎಂಬ ಒಂದು ಮಾತು ಸಾಕಾಗಿತ್ತು. ಅಷ್ಟು ಜನರೆದುರು ನನ್ನ ದನಿ ಹೊರಡಲಿಲ್ಲ. ಓದಿದವರಿಗೆ ಗೊತ್ತಿರುತ್ತದೆ, ಇದಕ್ಕೆ ಪ್ಯಾಡ್ ಬೇಡವೇನೋ ಎಂದು ಆ ಗಳಿಗೆಯಲ್ಲಿ ನನಗೆ ನಾನೇ ಹೇಳಿಕೊಂಡೆ. ಅವಳು ವಾಕಿಯ ಗುಂಡಿ ಒತ್ತಿದಳು. ಒಂದು ಗೆರೆ ಕಂಬದ ಹಾಗೆ ಎದ್ದು ತೆರೆಯ ಮೇಲಂಚನ್ನು ದಾಟಿ ಹೋಯಿತು. ಆಮೇಲೆ ಬರೀ ಗರಿಕೆ. ಮತ್ತೆ ಒತ್ತಿದಳು. ಗರಿಕೆ ಮಾತ್ರ. ಏನು ಕೊಟ್ಟರೂ ಯಂತ್ರಕ್ಕೆ ಕೇಳಿಸಲಿಲ್ಲ.

ಸಾರ್ ಎದ್ದು ಬಂದು ಕೇಬಲ್ ಬಿಚ್ಚಿ ಮೂತಿ ನೋಡಿದರು. "ಪ್ಯಾಡ್ ಎಲ್ಲಿ?"

"ಇಲ್ಲೇ ಇತ್ತು ಸಾರ್..."

"ಇಲ್ಲೇ ಇದ್ರೆ ಹೀಗಾಗ್ತಿತ್ತಾ? ಸಿಗ್ನಲ್ ದೊಡ್ಡದಾಗಿ ಕಾಣ್ಲಿ ಅಂತ ನೀನೇ ಬಿಚ್ಚಿದೀಯ."

"ಇಲ್ಲ ಸಾರ್. ನಾನು ಬಿಚ್ಚಿಲ್ಲ."

ಸಾರ್ ನನ್ನ ಕಡೆ ತಿರುಗಿದರು. "ಪಾರ್ವತಮ್ಮ, ನೀವೇನಾದ್ರೂ ಮುಟ್ಟಿದ್ರಾ?"

ನಾನು ತಲೆಯಾಡಿಸಿದೆ. ಇಲ್ಲ ಎಂದು. ಬಾಯಲ್ಲಿ ಸುಳ್ಳು ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಎಂಥ ಸಮಾಧಾನ.

ನಾಳೆ ಎಲ್ಲ ಕಪಾಟುಗಳನ್ನೂ ತೆಗೆಸಿ ನೋಡುತ್ತೇನೆಂದು ಸಾರ್ ಹೇಳಿಹೋದರು. ಆ ದಿನ ಮಾದಪ್ಪ ಬಂದಿದ್ದ. ನಾಲ್ಕೂವರೆಗೆ ಅವನ ಹತ್ತಿರ ಕೀ ಕೇಳಿದೆ. ಅಷ್ಟು ದಿನ ಹೊರಡದ ಮಾತು ಆಗ ಸಲೀಸಾಗಿ ಹೊರಟಿತು. "ಪೂಜೆ ಗಂಟಿನೊಳಗೆ ಇಲಿ ಸೇರ್ಕಂಡದೇನೋ, ನೋಡ್ತೀನಿ" ಎಂದೆ. ಗಂಟು ಬಿಚ್ಚಿ ಪ್ಯಾಡ್ ತೆಗೆದು ವಿಭೂತಿ ಒರೆಸಿದೆ. ಲ್ಯಾಬಿನ ಗೋಡೆಯುದ್ದಕ್ಕೂ ವಿದ್ಯಾರ್ಥಿಗಳ ಪ್ರಾಜೆಕ್ಟ್ ಪೆಟ್ಟಿಗೆಗಳಿದ್ದವು. ಅದನ್ನು ಚಂದ್ರಿಕಾಳ ಪೆಟ್ಟಿಗೆಯ ಪಕ್ಕದಲ್ಲಿಟ್ಟೆ.

ಮೇಲಿನ ಸಾಲನ್ನು ಬರೆದು ಎರಡು ದಿನ ಈ ಪುಸ್ತಕ ಮುಚ್ಚಿಟ್ಟಿದ್ದೆ. ಪಕ್ಕದಲ್ಲಿ ಅಲ್ಲ. ಪೆಟ್ಟಿಗೆಯ ಒಳಗೆ, ವಯರುಗಳ ಕೆಳಗೆ ಇಟ್ಟೆ.

ಮಾರನೆಯ ದಿನ ಸಾರ್ ಹುಡುಕಿದಾಗ ಅದು ಅಲ್ಲೇ ಸಿಕ್ಕಿತು. ಮಾದಪ್ಪನನ್ನು ಯಾರೂ ಕೇಳಲಿಲ್ಲ, ತಾನು ತಟ್ಟೆಯಲ್ಲಿಟ್ಟದ್ದು ಪ್ಯಾಡ್ ಎಂದು ಅವನಿಗೆ ಗೊತ್ತೂ ಇರಲಿಲ್ಲ. ಲ್ಯಾಬಿನಲ್ಲಿ ಹಾಳಾದ ಸಾಮಾನಿಗೆ ಒಂದು ರಿಜಿಸ್ಟರ್ ಇರುತ್ತದೆ. ನನ್ನ ಅಕ್ಷರ ದುಂಡಗಿದೆ ಎಂದು ಸಾರ್ ಅದನ್ನು ನನ್ನಿಂದಲೇ ಬರೆಸುತ್ತಿದ್ದರು. ಅವರು ಹೇಳಿದರು, ನಾನು ಬರೆದೆ: ವಿದ್ಯಾರ್ಥಿನಿ ಚಂದ್ರಿಕಾ ಅನುಮತಿಯಿಲ್ಲದೆ ಪ್ಯಾಡ್ ಬಿಚ್ಚಿ ಉಪಕರಣವನ್ನು ಹಾಳುಮಾಡಿದ್ದಾಳೆ. ಅವಳು ಎದುರಿಗೇ ನಿಂತಿದ್ದಳು. ಅವಳ ಹೆಸರಿಗೆ ಒತ್ತು ಎಲ್ಲಿ ಬರುತ್ತದೆಂದು ಕೂಡ ತಪ್ಪದೆ ಬರೆದೆ.

ಆ ಸಂಜೆ ಬಸ್ಸಿನಲ್ಲಿ ಅವಳು ಅಳಲಿಲ್ಲ. ತೆರಕಣಾಂಬಿ ಹತ್ತಿರವಾದಾಗ ಕೇಳಿದಳು, "ಆಂಟಿ, ನಾನೇ ಬಿಚ್ಚಿ ಮರ್ತೋಗಿದ್ದೀನಾ? ನೀವು ಅಲ್ಲೇ ಇದ್ರಲ್ಲ. ನೋಡಿದ್ರಾ?"

"ನಾನು ಗಮನ ಕೊಡ್ಲಿಲ್ಲ ಕಣಮ್ಮಿ" ಎಂದೆ.

ಮಾರನೆಯ ದಿನದಿಂದ ಒಂದು ಬಸ್ಸು ಮೊದಲೇ ಹೊರಡತೊಡಗಿದೆ. ಅವಳಿಗೆ ಲ್ಯಾಬು ನಿಂತಿತು. ಪ್ರಾಜೆಕ್ಟ್ ಇಲ್ಲದೆ ಆ ವರ್ಷ ಮುಗಿಯುವಂತಿರಲಿಲ್ಲ. ಮೈಸೂರಿನ ತರಬೇತಿಗೆ ಬೇರೆ ಹುಡುಗನ ಹೆಸರು ಹೋಯಿತು. ಹೊಲಗಳಲ್ಲಿ ಅರಿಶಿನ ಬೇಯಿಸುವ ಹೊಗೆ ಏಳುವ ಹೊತ್ತಿಗೆ ಚಂದ್ರಿಕಾ ಕಾಲೇಜಿಗೆ ಬರುವುದನ್ನೇ ನಿಲ್ಲಿಸಿದ್ದಳು. ಬೇಸಿಗೆಯಲ್ಲಿ ಯಂತ್ರ ರಿಪೇರಿಯಾಗಿ ಬಂತು. ಮಳೆಗಾಲದ ಮೊದಲಿಗೆ ನನ್ನನ್ನು ಕಾಯಂ ಮಾಡಿದರು. ನಿಮ್ಮಮ್ಮ ಓದಿದ್ದು, ಟೀಚರ್ ಆಗಿದ್ದು, ಗುಂಡ್ಲುಪೇಟೆಯ ಈ ಮನೆಗೆ ಸೊಸೆಯಾಗಿ ಬಂದದ್ದು ಎಲ್ಲವೂ ಆ ಕೆಲಸದಿಂದ. ಇದು ನಿಮ್ಮಮ್ಮನಿಗೂ ಗೊತ್ತಿಲ್ಲ.

ನಾನು ನಿವೃತ್ತಳಾದ ಮೇಲೆ ನಿಮ್ಮ ಮನೆಯಲ್ಲಿದ್ದೇನೆ. ಇಲ್ಲಿಂದ ಹಂಗಳ ಎಷ್ಟು ದೂರ? ಬಸ್ಸು ಹತ್ತಿ ಎಲೆಯಡಿಕೆ ಹಾಕಿಕೊಂಡರೆ ಅದು ಮುಗಿಯುವುದರೊಳಗೆ ಊರು ಬರುತ್ತದೆ. ಆದರೂ ಹೋಗಿರಲಿಲ್ಲ. ಮನ್ವಿತ್ ಅಂಗೈ ಚಾಚಿ ನಿಂತ ಮೇಲೆ ನಾಲ್ಕನೆಯ ದಿನ, ದೇವಸ್ಥಾನಕ್ಕೆಂದು ಸುಳ್ಳು ಹೇಳಿ ಬೆಳಗಿನ ಬಸ್ಸು ಹತ್ತಿದೆ.

ಚಂದ್ರಿಕಾ ಹಾಲಿನ ಡೈರಿಯಲ್ಲಿದ್ದಳು. ಕ್ಯಾನು ತೊಳೆಯುವ ಕೆಲಸ. ಹಾಲಿನ ಡಿಗ್ರಿ ನೋಡುವ ಸಣ್ಣ ಯಂತ್ರದ ಮುಂದೆ ಬೇರೊಬ್ಬಳು ಕುಳಿತಿದ್ದಳು. ನನ್ನನ್ನು ಕಂಡೊಡನೆ, "ಅಯ್ಯೋ, ಪಾರ್ವತಾಂಟಿ!" ಎಂದು ಒದ್ದೆ ಕೈಯಲ್ಲೇ ಬಂದು ಹಿಡಿದುಕೊಂಡಳು. ನಕ್ಕಾಗ ಅದೇ ಮುಖ.

"ಇಷ್ಟ್ ಓದ್ದೋಳು, ಮಿಷಿನ್ ಹತ್ರ ನೀನಲ್ವೇನಮ್ಮಿ ಕೂರ್ಬೇಕು?" ಎಂದೆ. ಮಾತು ಶುರುಮಾಡಲು ನನಗೆ ಬೇರೇನೂ ತೋಚಲಿಲ್ಲ.

"ಮಿಷಿನ್ ನಾನು ಮುಟ್ಟಲ್ಲ ಆಂಟಿ. ನನ್ ಕೈಗುಣ ಸರಿಯಿಲ್ಲ. ಮನೇಲಿ ಮಿಕ್ಸಿ ಕೂಡ ಮಗಳೇ ಆಕದು."

ಹಾಲು ಹಾಕುವವರೆಲ್ಲ ಹೋಗಲಿ ಎಂದು ಕಾದೆ. ಆಮೇಲೆ ಹೇಳಿದೆ. ಹುಣಸೆಹಣ್ಣು, ತಟ್ಟೆ, ಗಂಟು, ಅವಳ ಪೆಟ್ಟಿಗೆ, ಎಲ್ಲವನ್ನೂ. ಅವಳು ನನ್ನ ಕೈ ಬಿಟ್ಟು ಕ್ಯಾನಿನ ಮೇಲೆ ಕುಳಿತಳು.

"ನಂಗೆ ಬಿಚ್ಚಿದ್ದು ಗ್ಯಾಪ್ಕ ಇತ್ತು ಆಂಟಿ," ಎಂದಳು ಮೆಲ್ಲಗೆ. "ಮೊದ್ಮೊದ್ಲು ಇರ್ನಿಲ್ಲ. ಎಲ್ರೂ ಅಂದೂ ಅಂದೂ ಬಂದ್ಬುಡ್ತು. ತಿರುಪಿದ್ದು, ಚೂರು ಬಿಗಿ ಇದ್ದಿದ್ದು, ಬೆರಳು ನೊಂದಿದ್ದು. ಎಲ್ಲಾ ಗ್ಯಾಪ್ಕ ಇತ್ತು. ಅದೆಲ್ಲಿಂದ ಬಂತು?"

ಒದ್ದೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

"ನಮ್ಮಪ್ಪ ಸಾಯೋಗಂಟ ಅದೇ ಅಂತಿದ್ದ. ನಾನು ವಾಕಿ ತಂದ್ಕೊಡ್ದೆ ಇದ್ರೆ ನೀನು ಓದ್ಕತಿದ್ದೆ ಕಣಮ್ಮಿ, ತಪ್ಪು ನಂದು ಅಂತ." ತಲೆಯೆತ್ತಿ ನನ್ನನ್ನು ನೋಡಿದಳು. "ಈಗ್ಯಾಕ್ ಬಂದ್ರಿ? ನಿಮ್ ಮನ್ಸು ಅಗುರಾಗ್ಲಿ ಅಂತನಾ?"

"ಹೂಂ" ಎಂದೆ. ಇನ್ನೊಂದು ಸುಳ್ಳು ಹೇಳಲಾಗಲಿಲ್ಲ.

ಅವಳು ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಎದ್ದು ಇನ್ನೊಂದು ಕ್ಯಾನು ತೊಳೆದು ಬೋರಲು ಹಾಕಿದಳು. ಆಮೇಲೆ, "ಬಾಯಲ್ಲಿ ಏಳಿದ್ದು ನಂಗೆ ಬ್ಯಾಡ. ಅವತ್ತು ನನ್ನ ಮುಂದೆ ರಿಜಿಸ್ಟ್ರಲ್ಲಿ ಬರುದ್ರಲ್ಲ, ಅಂಗೇ ಬರ್ಕೊಡಿ. ಹೆಸ್ರು ಹಾಕಿ. ನನ್ ಮಗಳಿಗೆ ಓದಾಕೆ ಕೊಡ್ಬೇಕು" ಎಂದಳು. ಬಸ್ಸಿನವರೆಗೆ ನನ್ನ ಜೊತೆ ಬರಲಿಲ್ಲ.

ಮಾರನೆಯ ವಾರ ಚಾಮರಾಜನಗರಕ್ಕೆ ಹೋಗಿ, ಆ ರಿಜಿಸ್ಟರ್ ತೆಗೆಸಿ ತಿದ್ದುಪಡಿ ಬರೆಯಬೇಕೆಂದು ಕೇಳಿದೆ. ಶ್ರೀಕಂಠ ಸಾರ್ ಈಗಿಲ್ಲ. ಆಫೀಸಿನ ಹುಡುಗಿ ಕುರ್ಚಿ ಕೊಟ್ಟು, "ಅಷ್ಟು ಹಳೇದೆಲ್ಲ ಯಾವಾಗ್ಲೋ ರದ್ದಿಗೆ ಹೋಯ್ತಮ್ಮ" ಎಂದಳು. ನಾನು ಬರೆದ ಸುಳ್ಳು ಕಾಗದದ ಮೇಲೆ ಉಳಿದಿಲ್ಲ. ಚಂದ್ರಿಕಾಳಲ್ಲಿ ಮಾತ್ರ ಉಳಿದಿದೆ.

ಆದ್ದರಿಂದ ಇದನ್ನು ಎರಡು ಪ್ರತಿ ಬರೆದಿದ್ದೇನೆ. ಒಂದನ್ನು ನಾಳೆ ಹಂಗಳಕ್ಕೆ ತೆಗೆದುಕೊಂಡು ಹೋಗುತ್ತೇನೆ. ಇನ್ನೊಂದು ನಿಮ್ಮದು. ಮೊದಲು ನಿಮ್ಮಮ್ಮನಿಗೆ ಓದಿ ಹೇಳಿ, ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ. ಚಂದ್ರಿಕಾಳ ಹತ್ತಿರವಿರುವ ಪ್ರತಿ ಹರಿದರೆ, ಕಳೆದರೆ, ಅವಳೋ ಅವಳ ಮಗಳೋ ನಿಮ್ಮ ಬಾಗಿಲಿಗೆ ಬಂದರೆ, ನಮ್ಮಜ್ಜಿ ಒಳ್ಳೆಯವಳು ಎಂದು ಹೇಳಲು ಹೋಗಬೇಡಿ. ಈ ಹಾಳೆಗಳನ್ನು ಅವರ ಕೈಗೆ ಕೊಡಿ.

ಅಲ್ಲಿಯವರೆಗೆ ಜೋಪಾನವಾಗಿಡಿ. ಮಳೆ ನೀರು, ಗೆದ್ದಲು ನೋಡಿಕೊಳ್ಳಿ. ನನ್ನನ್ನೂ ನೋಡಿಕೊಳ್ಳಿ. ಇನ್ನಷ್ಟು ವಯಸ್ಸಾಗಿ, ಹೆದರಿ, ಒಂದು ದಿನ ನಾನೇ ಬಂದು ಒಮ್ಮೆ ನೋಡಿ ಕೊಡುತ್ತೇನೆ ಎಂದು ಕೇಳಿದರೆ, ನನಗೆ ಕೊಡಬೇಡಿ.

ಪಾರ್ವತಮ್ಮ